ನಮ್ಮೂರ ಕಲ್ಲು ಓದಿಸಿದ ರೈಸ್

ಕೆಲಸ ಮುಗಿಸಿ ಮನೆಗೆ ಬಂದು ಶೂ ಕೂಡ ಬಿಚ್ಚಿರಲಿಲ್ಲ. ಏಳನೇ ಕ್ಲಾಸಿನ ಮಗಳು ಕೇಳಿದಳು, ‘ಅಪ್ಪಾ, ಯಾರಾದ್ರೂ ಅನ್ನ ಅಂತ ಅಡ್ಡಹೆಸರು ಇಟ್ಕೊಳ್ತಾರಾ?’

ಇಲ್ಲಿ ಹೈದರಾಬಾದಿನ ಸನತ್‌ನಗರದ ಮೆಸ್ಸುಗಳಲ್ಲಿ ರೈಸ್ ಅಂದರೆ ಅನ್ನವೇ. ಅವಳ ಕ್ವಿಜ್ ಪುಸ್ತಕದಲ್ಲಿದ್ದದ್ದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಕಾಂಡೊಲೀಜಾ ರೈಸ್. ರಕ್ತಪಿಶಾಚಿಗಳ ಕಾದಂಬರಿ ಬರೆದ ಆನ್ ರೈಸ್‌ಗೆ ಅದು ಗಂಡನ ಕಡೆಯ ಹೆಸರು. ಈ ಹೆಸರಿನ ಒಂದು ಮೂಲ ವೇಲ್ಸ್‌ನ ‘ರೀಸ್’. ಅಕ್ಕಿಗೂ ಅದಕ್ಕೂ ನಂಟಿಲ್ಲ.

‘ನಮ್ಮ ರೈಸ್ ಗೊತ್ತಾ?’ ಅಂದೆ. ಗೊತ್ತಿರಲಿಲ್ಲ.

ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚ್ ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ರೈಸ್ ನೆನಪಿನದು. ಅವರ ಮಗ ಇ.ಪಿ. ರೈಸ್ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಇನ್ನೊಬ್ಬ ಮಗ ಬಿ.ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಮೈಸೂರು ಸಂಸ್ಥಾನ, ಕೊಡಗಿನ ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು.

ಹಾಸನ ಜಿಲ್ಲೆಯದು 5ನೇ ಸಂಪುಟ. ಫೋನಿನಲ್ಲೇ ತೆರೆದು ಹುಡುಕಿದರೆ ನಮ್ಮೂರೂ ಇತ್ತು! ಕೆರೆ ಏರಿಯ ಹತ್ತಿರದ ವೀರಗಲ್ಲು. ನನಗೆ ಖುಷಿ, ಜೊತೆಗೇ ಸಂಕಟ. ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಬೇಸಿಗೆ ರಜೆಗೆ ಕಲಿಸುತ್ತೇನೆಂದು ನಾಲ್ಕು ರಜೆ ಕಳೆದಿದ್ದೇನೆ.

ಆದರೆ ರೈಸ್ ಸಾಹೇಬರು ಪ್ರತಿ ಶಾಸನವನ್ನೂ ಕನ್ನಡದಲ್ಲಿ, ರೋಮನ್ ಅಕ್ಷರದಲ್ಲಿ ಎರಡರಲ್ಲೂ ಕೊಟ್ಟಿದ್ದಾರೆ, ಜೊತೆಗೆ ಇಂಗ್ಲಿಷ್ ಅನುವಾದ. ರೋಮನ್ ಪುಟ ಹಿಡಿದು ಅವಳು ತಡವರಿಸುತ್ತ ಓದಿಯೇಬಿಟ್ಟಳು. ‘ತುರು ಅಂದ್ರೇನು?’ ಅಂತ ಕೇಳಿದಳು. ದನ ಅಂದೆ. ಮುಂದಿನ ಎರಡು ಪದ ನನಗೂ ತಿಳಿಯಲಿಲ್ಲ. ಅನುವಾದ ನೋಡಿ ಅವಳೇ ಹೇಳಿದಳು. ದನ ಬಿಡಿಸಲು ಹೋಗಿ ಸತ್ತವನ ಕಲ್ಲು ಅದು.

ಆಮೇಲೆ ಕನ್ನಡ ಪುಟಕ್ಕೆ ಹೋದಳು. ಶಾಲೆಯಲ್ಲಿ ತೆಲುಗು ಕಲಿತವಳಲ್ಲವೇ, ‘ಅಪ್ಪಾ, ಇದು ನಮ್ ತೆಲುಗು ಥರಾನೇ ಇದೆ, ತಲೆಕಟ್ಟು ಬೇರೆ ಅಷ್ಟೇ’ ಎಂದು ಎರಡೂ ಪುಟ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಅಕ್ಷರ ಹೊಂದಿಸತೊಡಗಿದಳು. ಊಟಕ್ಕೆ ಕರೆದರೂ ಏಳಲಿಲ್ಲ.

ರಾತ್ರಿ ಊರಿಗೆ ಫೋನ್ ಮಾಡಿ ಅಜ್ಜಿಗೆ ಓದಿ ಹೇಳಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಆ ಕಲ್ಲಾ ಕೂಸೇ? ಅದರ ಮೇಲೇ ನಿಮ್ಮಪ್ಪ ಜಾರಿ ಚಡ್ಡಿ ಹರ್ಕೊಂಡಿದ್ದು.’