ದಾಳದೊಳಗೆ ಮೆಷಿನ್ ಗನ್

ಚದುರಂಗದಲ್ಲಿ ಆನೆ ಹೋಗಿ ಪದಾತಿಯ ಮನೆಯಲ್ಲಿ ಕೂತರೆ ಪದಾತಿ ಹೋದ ಹಾಗೇ. ಚೌಕಾಬಾರದಲ್ಲಿ ಹಾಗಲ್ಲ, ಕವಡೆ ಹೇಗೆ ಬೀಳುತ್ತದೋ ಹಾಗೆ. ಇವೆರಡನ್ನೂ ಬೆರೆಸಿದಂಥ ಒಂದು ಆಟ ಯುರೋಪಿನಲ್ಲಿ ಹುಟ್ಟಿತು. ಅದೇ ಮೇಜಿನ ಮೇಲಿನ ಯುದ್ಧದಾಟ. ಪುಟ್ಟ ಬೆಟ್ಟ, ಬೇಲಿ, ಮನೆಗಳನ್ನು ಜೋಡಿಸಿ ಬೊಂಬೆ ಸೈನಿಕರನ್ನು ನಿಲ್ಲಿಸುತ್ತಾರೆ. ಎಷ್ಟು ದೂರ ನಡೆದರು ಎಂದು ಅಳತೆಪಟ್ಟಿ ಹೇಳುತ್ತದೆ, ಗುಂಡು ತಾಗಿತೋ ಇಲ್ಲವೋ ಎಂದು ದಾಳ ಹೇಳುತ್ತದೆ.

ಕಾಲಯಂತ್ರದ ಕಥೆ ಬರೆದ ಎಚ್.ಜಿ. ವೆಲ್ಸ್ ಅವರಿಗೆ ಈ ಆಟವೆಂದರೆ ಪ್ರಾಣ. 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ನಿಯಮಗಳ ಪುಸ್ತಕವನ್ನೇ ತಂದರು. ಹನ್ನೆರಡರಿಂದ ನೂರೈವತ್ತು ವರ್ಷದವರೆಗಿನ ಹುಡುಗರಿಗೆ ಈ ಆಟವಂತೆ! (ಅಜ್ಜಂದಿರು ಗಮನಿಸಬೇಕು.) ಅವರ ಆಟದಲ್ಲಿ ಸ್ಪ್ರಿಂಗ್ ಇರುವ ಆಟಿಕೆಯ ತೋಪು ಮರದ ಚೂರನ್ನು ನಿಜವಾಗಿಯೂ ಹಾರಿಸುತ್ತಿತ್ತು, ತಾಗಿದ ಬೊಂಬೆ ಬೀಳುತ್ತಿತ್ತು. ಕಾಲಾಳು ಒಂದು ಸರದಿಗೆ ಒಂದು ಅಡಿ, ಕುದುರೆ ಸವಾರ ಎರಡು ಅಡಿ. ಮೆಷಿನ್ ಗನ್ ಮಾತ್ರ ಆ ಆಟದಲ್ಲಿರಲಿಲ್ಲ. ಮರುವರ್ಷವೇ ಮೊದಲ ಮಹಾಯುದ್ಧ ಬಂತು. ಆಮೇಲೆ ನಿಯಮ ಬರೆಯುವವರು ಯಾರೂ ಅದನ್ನು ಬಿಟ್ಟು ಬರೆಯುವಂತಿರಲಿಲ್ಲ.

ಆದರೆ ಬರೆಯುವುದು ಹೇಗೆ? ಆ ಯುದ್ಧದಲ್ಲಿ ಬ್ರಿಟಿಷರ ಬಳಿ ಇದ್ದ ವಿಕರ್ಸ್ ಗನ್ ನಿಮಿಷಕ್ಕೆ ಸುಮಾರು 450ರಿಂದ 500 ಗುಂಡು ಹಾರಿಸುತ್ತಿತ್ತು. 250 ಗುಂಡುಗಳನ್ನು ಸಿಕ್ಕಿಸಿದ ಬಟ್ಟೆಯ ಪಟ್ಟಿ ಒಂದು ಕಡೆಯಿಂದ ಒಳಗೆ ಹೋಗುತ್ತಿತ್ತು. ನಳಿಗೆ ಕಾದು ಕೆಂಪಾಗದಂತೆ ಸುತ್ತಲೂ ನಾಲ್ಕು ಲೀಟರಿನಷ್ಟು ನೀರು. ಬಂದೂಕಿನವನಿಗೆ ಒಂದು ದಾಳ ಕೊಟ್ಟರೆ ಇದಕ್ಕೆ ಹತ್ತು ದಾಳ ಕೊಡೋಣ ಎಂದು ಯಾರಿಗಾದರೂ ಮೊದಲು ತೋಚುತ್ತದೆ. ಲೆಕ್ಕ ಸುಲಭ, ಆದರೆ ಅದು ಹತ್ತು ಬಂದೂಕುಗಳ ಗುಂಪಾಯಿತೇ ಹೊರತು ಮೆಷಿನ್ ಗನ್ ಆಗಲಿಲ್ಲ.

ತೋಟಕ್ಕೆ ಪೈಪಿನಲ್ಲಿ ನೀರು ಬಿಡುವುದನ್ನು ನೋಡಿದ್ದೀರಲ್ಲ? ದೂರಕ್ಕೆ ಚಿಮ್ಮಿಸಿದರೆ ನೀರು ಒಂದೇ ಕಡೆ ಬೀಳುವುದಿಲ್ಲ, ಉದ್ದಕ್ಕೆ, ಕಡಿಮೆ ಅಗಲದ ಪಟ್ಟೆಯಾಗಿ ಹರಡಿ ಬೀಳುತ್ತದೆ. ಮುಕ್ಕಾಲಿಯ ಮೇಲೆ ಕೂರಿಸಿದ ಗನ್ನಿನ ಗುಂಡುಗಳೂ ಹಾಗೆಯೇ. ಎದುರಿನಿಂದ ಸಾಲಾಗಿ ಬರುವವರಲ್ಲಿ ಒಬ್ಬಿಬ್ಬರು ಮಾತ್ರ ಆ ಪಟ್ಟೆಯೊಳಗೆ ಸಿಗುತ್ತಾರೆ. ಗನ್ ಸಾಲಿನ ಪಕ್ಕದಲ್ಲಿದ್ದರೆ ಇಡೀ ಸಾಲೇ ಅದರೊಳಗೆ. ಆದ್ದರಿಂದ ಒಳ್ಳೆಯ ನಿಯಮ ಪಕ್ಕದಿಂದ ಹೊಡೆದಾಗ ಹೆಚ್ಚು ದಾಳ ಕೊಡುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ ಎಂದು ನನಗನ್ನಿಸುತ್ತದೆ. ತಲೆಯ ಮೇಲೆ ಗುಂಡು ಸುಂಯ್‌ಗುಟ್ಟಿದರೆ ಮನುಷ್ಯ ಸಾಯದಿದ್ದರೂ ನೆಲಕ್ಕೆ ಅಂಟಿಕೊಳ್ಳುತ್ತಾನೆ. ಒಬ್ಬ ಸತ್ತರೆ ಇಪ್ಪತ್ತು ಜನ ಮಲಗುತ್ತಾರೆ, ದಾಳಿ ಅಲ್ಲೇ ನಿಲ್ಲುತ್ತದೆ. ಬಿದ್ದವರನ್ನು ಎಣಿಸಿ ಮಲಗಿದವರನ್ನು ಎಣಿಸದ ನಿಯಮ ನನ್ನ ಮಟ್ಟಿಗೆ ಅರ್ಧ ನಿಯಮ. 1977ರಲ್ಲಿ ಬಂದ ‘ಸ್ಕ್ವಾಡ್ ಲೀಡರ್’ ಎಂಬ ಆಟದಲ್ಲಿ ಗುಂಡಿನ ಏಟಿಗೆ ಸಿಕ್ಕಿದ ತುಕಡಿ ದಾಳ ಹಾಕಿ ತನ್ನ ಧೈರ್ಯದ ಪರೀಕ್ಷೆ ಕೊಡಬೇಕು. ಸೋತರೆ ಚದುರುತ್ತದೆ, ಜೊತೆಗೆ ಒಳ್ಳೆಯ ನಾಯಕನಿದ್ದರೆ ಮತ್ತೆ ಒಟ್ಟಾಗುತ್ತದೆ.

ನಿಯಮ ಸರಿಯಿದೆಯೇ ಎಂದು ನೋಡಲು ಅದಕ್ಕೆ ಎರಡು ಪರೀಕ್ಷೆ ಕೊಡಬಹುದು. ಮೊದಲನೆಯದು ಫ್ರಾನ್ಸಿನ ಸೊಮ್, 1916ರ ಜುಲೈ 1. ಏಳು ದಿನ ತೋಪು ಹಾರಿಸಿದ ಮೇಲೂ ಜರ್ಮನರ ಗನ್ನುಗಳು ನೆಲಮಾಳಿಗೆಗಳಲ್ಲಿ ಉಳಿದಿದ್ದವು. ಬೆನ್ನ ಮೇಲೆ ಭಾರ ಹೊತ್ತ ಬ್ರಿಟಿಷ್ ಕಾಲಾಳುಗಳು ಎಷ್ಟೋ ಕಡೆ ಸಾಲುಕಟ್ಟಿ ನಡೆದೇ ಬಂದರು. ಮೆಷಿನ್ ಗನ್ನಿಗೂ ತೋಪಿಗೂ ಆ ಒಂದೇ ದಿನ 19,240 ಜನ ಸತ್ತರು. ಗಾಯಗೊಂಡವರು, ಕಾಣೆಯಾದವರು, ಸೆರೆಸಿಕ್ಕವರನ್ನೂ ಸೇರಿಸಿದರೆ 57,470.

ಎರಡನೆಯದರಲ್ಲಿ ನಮ್ಮವರಿದ್ದಾರೆ. 1918ರ ಸೆಪ್ಟೆಂಬರ್ 23, ಹೈಫಾ ಪಟ್ಟಣ. ತುರ್ಕರ ತೋಪು, ಮೆಷಿನ್ ಗನ್ನುಗಳ ಎದುರಿಗೆ ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳು ಈಟಿ ಹಿಡಿದು ಕುದುರೆ ಓಡಿಸಿದರು. ಮೈಸೂರಿನ ತುಕಡಿಯೊಂದು ಕಡಿದಾದ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ತೋಪುಗಳತ್ತ ನುಗ್ಗಿತು. ಊರು ವಶವಾಯಿತು, ಸಾವಿರಕ್ಕೂ ಹೆಚ್ಚು ಜನ ಸೆರೆಸಿಕ್ಕರು. ನಮ್ಮ ಕಡೆ ಸತ್ತವರು 8 ಜನ, ಕುದುರೆಗಳು 60. ದೆಹಲಿಯ ತೀನ್ ಮೂರ್ತಿಯ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು.

ಗನ್ನನ್ನು ಗೆಲ್ಲಲಾಗದ ರಾಕ್ಷಸ ಮಾಡಿದರೆ ಹೈಫಾ ನಡೆಯುವುದೇ ಇಲ್ಲ. ಸಾಧು ಮಾಡಿದರೆ ಸೊಮ್ ಸುಳ್ಳಾಗುತ್ತದೆ. ಎರಡೂ ಒಂದೇ ನಿಯಮದಿಂದ ಬರಬೇಕು.

ಬನ್ನಿ, ಒಂದನ್ನು ಮಾಡಿ ನೋಡೋಣ. ಗನ್ನಿಗೆ ಸರದಿಗೆ ಆರು ದಾಳ. 6 ಬಿದ್ದ ಪ್ರತಿ ದಾಳಕ್ಕೆ ಒಬ್ಬ ಸತ್ತ. 5 ಅಥವಾ 6 ಒಂದು ಬಿದ್ದರೂ ಸಾಕು, ಕಾಲಾಳುಗಳ ಗುಂಪು ಮಲಗಿತು. ಮುಂದಿನ ಸರದಿಗೆ ಏಳಬೇಕಾದರೆ ನಾಯಕ ದಾಳ ಹಾಕಿ 4 ಅಥವಾ ಹೆಚ್ಚು ತರಬೇಕು. ನಾಲ್ಕು ಅಡಿ ಬಯಲು ದಾಟಲು ಕಾಲಾಳಿಗೆ ನಾಲ್ಕು ಸರದಿ, ಅಂದರೆ 24 ದಾಳ, ಸರಾಸರಿ ನಾಲ್ಕು ಸಾವು. ನಡುವೆ ಮಲಗಿದರೆ ಇನ್ನೂ ಹೆಚ್ಚು. ಮಲಗುವುದಂತೂ ಹತ್ತರಲ್ಲಿ ಒಂಬತ್ತು ಸಲ ಖಂಡಿತ! ನಿಲ್ಲದೆ ಓಡುವ ಕುದುರೆಗೆ ಎರಡೇ ಸರದಿ, 12 ದಾಳ, ಸರಾಸರಿ ಎರಡು ಸಾವು. ಬೆಟ್ಟದ ಮರೆಯಿಂದ ಬಂದರೆ ಇನ್ನೂ ಒಂದು ಸರದಿ ಉಳಿಯಿತು.

ಬೊಂಬೆಗಳಿಲ್ಲದಿದ್ದರೆ ಕಾಲಾಳಿಗೆ ಅಂಗಿಯ ಗುಂಡಿ, ಕುದುರೆಗೆ ಹುಣಸೆಬೀಜ ಸಾಕು. ಗನ್ನಿನ ದಾಳವನ್ನು ಅಜ್ಜಿಯ ಕೈಗೆ ಕೊಡಿ. ಚೌಕಾಬಾರ ಆಡಿದ ಕೈ ಅದು, ಹುಷಾರಾಗಿರಿ.