ಹತ್ತಿಯ ಪಕ್ಕದಲ್ಲಿ ಚಾರ್ಜಿಗೆ ನಿಂತ ಸ್ಕೂಟರ್

ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಹುಣಸಗಿ ಕಡೆಯ ರೈತರ ಮನೆಗೆ ಹೋದರೆ ಪಡಸಾಲೆಯಲ್ಲಿ ಕೂಡಲು ಜಾಗ ಸಿಗುವುದು ಕಷ್ಟ. ಬಿಡಿಸಿ ತಂದ ಹತ್ತಿ ಮೂಲೆಯಿಂದ ಜಂತಿಯ ತನಕ ಒಟ್ಟಿರುತ್ತದೆ. ರೇಟು ಏರಲಿ ಎಂದು ಕಾಯುತ್ತಿರುವ ಹತ್ತಿ ಅದು. ನಾನು ಹೋದ ಮನೆಯಲ್ಲಿ ಆ ರಾಶಿಗೆ ಒಂದು ಮೊಳ ದೂರದಲ್ಲಿ ಬ್ಯಾಟರಿ ಸ್ಕೂಟರ್ ನಿಂತಿತ್ತು. ಬಾಗಿಲ ಪಕ್ಕದ ಪ್ಲಗ್ಗಿನಿಂದ ಇಳಿದ ವೈರು ಸೀಟಿನ ಕೆಳಗೆ ಹೋಗಿತ್ತು.

"ರಾತ್ರಿ ಹಚ್ಚಿ ಮಲ್ಕೊಂಡ್ರ ಮುಂಜಾನಿ ಫುಲ್ ಆಗಿರ್ತದ ಕಾಕಾ," ಎಂದ ಮನೆಯ ಹುಡುಗ.

ಚಾರ್ಜರ್ ಮುಟ್ಟಿ ನೋಡಿದೆ. ಆಗಷ್ಟೇ ರೊಟ್ಟಿ ತೆಗೆದ ಬುಟ್ಟಿಯ ತಳದಷ್ಟು ಬೆಚ್ಚಗಿತ್ತು. ಚಾರ್ಜರ್ ಬೆಚ್ಚಗಾಗುವುದು ಸಹಜ, ಅದಕ್ಕೆ ನಾನು ಹೆದರಲಿಲ್ಲ. ಹೆದರಿಕೆಯಾದದ್ದು ಬಾಗಿಲು ನೋಡಿ. ಆ ಮನೆಯಿಂದ ಹೊರಗೆ ಬರಲು ಇದ್ದದ್ದು ಅದೊಂದೇ ಬಾಗಿಲು, ಸ್ಕೂಟರ್ ನಿಂತದ್ದು ಅದರ ಬಾಯಲ್ಲೇ.

ಈ ಬ್ಯಾಟರಿಯ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ನೋಡಬೇಕಾದರೆ ರಿಪೇರಿ ಅಂಗಡಿಗೆ ಹೋಗಬೇಕು. ಅಂಥ ಒಂದು ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿ ಇಟ್ಟಿದ್ದರು. ಒಳಗೆ ಹೆಬ್ಬೆರಳ ಗಾತ್ರದ ಸೆಲ್ಲುಗಳು, ಜೇನುಹುಟ್ಟಿನ ಕಣ್ಣುಗಳ ಹಾಗೆ ಒಂದಕ್ಕೊಂದು ಒತ್ತಿ ನಿಂತಿದ್ದವು. ಒಂದೊಂದೂ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅದಕ್ಕೇ ಅವುಗಳ ಹೆಸರು 18650. ಒಂದರಲ್ಲಿ ಸುಮಾರು 10 ವಾಟ್-ಅವರ್ ಶಕ್ತಿ ಹಿಡಿಯುತ್ತದೆ. ಹಾಗಾಗಿ ಇಂಥ ಸೆಲ್ಲುಗಳಿಂದ 3 ಯೂನಿಟ್ಟಿನ ಸ್ಕೂಟರ್ ಬ್ಯಾಟರಿ ಕಟ್ಟಲು ಇನ್ನೂರೈವತ್ತರಿಂದ ಮುನ್ನೂರು ಬೇಕು. ಮೇಲೆ ನಿಕ್ಕೆಲ್ ಪಟ್ಟಿ ಬೆಸೆದು ಎಲ್ಲವನ್ನೂ ಜೋಡಿಸಿರುತ್ತಾರೆ.

ಒಂದು ಸೆಲ್ಲಿನ ಒಳಗೆ ಸುತ್ತಿಟ್ಟ ಚಾಪೆಯಂಥ ಸುರುಳಿ. ಒಂದು ಪದರ ತಾಮ್ರದ ಹಾಳೆ, ಅದರ ಮೇಲೆ ಗ್ರಾಫೈಟು. ಇನ್ನೊಂದು ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ನಿಕ್ಕೆಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಆಕ್ಸೈಡು. ನಡುವೆ ಒಂದು ಪ್ಲಾಸ್ಟಿಕ್ ಪೊರೆ, ಸುಮಾರು 20 ಮೈಕ್ರಾನ್ ದಪ್ಪ. ನಮ್ಮ ತಲೆಗೂದಲು ಅದರ ಮೂರು ಪಟ್ಟು ದಪ್ಪವಿರುತ್ತದೆ. ಇಷ್ಟನ್ನೂ ನೆನೆಸಿರುವುದು ನೀರಲ್ಲ, ಕಿಡಿ ಕಂಡರೆ ಹತ್ತಿಕೊಳ್ಳುವ ದ್ರಾವಣ. ಆ ಪೊರೆ ಒಂದು ಕಡೆ ಹರಿದರೂ ಎರಡು ಹಾಳೆಗಳು ಮುಟ್ಟಿಕೊಂಡು ಒಳಗೇ ಶಾರ್ಟ್ ಆಗುತ್ತದೆ.

ಆಮೇಲೆ ನಡೆಯುವುದನ್ನು ನಮ್ಮ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಹಸಿ ಮೇವನ್ನು ಬಣವಿ ಒಟ್ಟಬಾರದು ಎಂದು ಅವರಿಗೆ ಗೊತ್ತು. ತೇವದ ಮೇವಿನಲ್ಲಿ ಸೂಕ್ಷ್ಮಜೀವಿಗಳು ಹುಟ್ಟಿಸಿದ ಕಾವಿಗೆ ಹೊರಗೆ ಹೋಗಲು ದಾರಿಯಿಲ್ಲ. ಕಾವು ಏರಿದಂತೆ ಒಳಗಿನ ಕ್ರಿಯೆ ಚುರುಕಾಗುತ್ತದೆ, ಚುರುಕಾದಂತೆ ಇನ್ನಷ್ಟು ಕಾವು. ಯಾರೂ ಕಡ್ಡಿ ಗೀರದಿದ್ದರೂ ಬಣವಿ ನಡುವಿನಿಂದ ಹೊಗೆಯಾಡುತ್ತದೆ. ರಾಶಿಯೊಳಗೆ ಸಿಕ್ಕಿಬಿದ್ದ ಕಾವಿನ ಬಲ ಎಷ್ಟು ಎಂಬುದಕ್ಕೆ ಈ ನೆಲದಲ್ಲೇ ಹಳೆಯ ಸಾಕ್ಷಿ ಇದೆ. ಹುಣಸಗಿ ತಾಲ್ಲೂಕಿನ ಕೊಡೇಕಲ್‌ನ ಬೂದಿದಿಬ್ಬವನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1960ರ ದಶಕದಲ್ಲಿ ಅಗೆದು ನೋಡಿದರು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಸಾಕಿದವರು ಒಟ್ಟಿದ ಸಗಣಿ ಸುಟ್ಟು ಆದ ದಿಬ್ಬ ಅದು. ಇಂಥ ದಿಬ್ಬಗಳಲ್ಲಿ ಕೆಲವು ಕಡೆ ಬೂದಿ ಕರಗಿ ಗಾಜಿನಂತಾಗಿದೆ. ಬರೀ ಸಗಣಿಯ ರಾಶಿ ಅಷ್ಟು ಕಾವು ಹಿಡಿದಿತ್ತು!

ಲಿಥಿಯಂ ಸೆಲ್ಲಿನಲ್ಲಿ ಬಣವಿಯ ವಾರಗಳ ಕೆಲಸ ಕೆಲವೊಮ್ಮೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಒಳಗಿನ ಬಿಸಿ 80ರಿಂದ 120 ಡಿಗ್ರಿ ಮುಟ್ಟಿದಾಗ ಗ್ರಾಫೈಟಿನ ಮೇಲಿನ ರಕ್ಷಣೆಯ ತೆಳು ಪದರ ಒಡೆಯತೊಡಗುತ್ತದೆ, ಅದೇ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. 130ರ ಆಸುಪಾಸಿನಲ್ಲಿ ಪಾಲಿಥೀನ್ ಪೊರೆ ಕರಗುತ್ತದೆ. 200 ದಾಟಿದರೆ ಆ ನಿಕ್ಕೆಲ್ ಆಕ್ಸೈಡು ತನ್ನೊಳಗಿನ ಆಮ್ಲಜನಕವನ್ನೇ ಬಿಡುತ್ತದೆ. ಈ ಕೊನೆಯ ಮಾತು ಬಹಳ ಮುಖ್ಯ. ಬೆಂಕಿಗೆ ಬೇಕಾದ ಉರುವಲು, ಕಾವು, ಆಮ್ಲಜನಕ ಮೂರೂ ಒಂದೇ ಡಬ್ಬಿಯೊಳಗೆ ಸಿಕ್ಕಿದಂತಾಯಿತು. ಕಂಬಳಿ ಹೊದಿಸಿ, ಉಸುಕು ಸುರಿದು ಈ ಬೆಂಕಿಯನ್ನು ಉಸಿರುಗಟ್ಟಿಸಲು ಆಗುವುದಿಲ್ಲ. ಒಂದು ಸೆಲ್ಲು ಹೊತ್ತಿಕೊಂಡರೆ ಪಕ್ಕದ್ದನ್ನು ಕಾಯಿಸುತ್ತದೆ, ಅದು ಅದರ ಪಕ್ಕದ್ದನ್ನು.

3 ಯೂನಿಟ್ಟಿನ ಬ್ಯಾಟರಿಯಲ್ಲಿ ತುಂಬಿದ ವಿದ್ಯುತ್ತಿನ ಶಕ್ತಿ ಹೆಚ್ಚುಕಡಿಮೆ ಮೂರನೇ ಒಂದು ಲೀಟರ್ ಪೆಟ್ರೋಲಿನಷ್ಟೇ. ಹಾಗೆಂದು ಸಮಾಧಾನಪಡುವಂತಿಲ್ಲ. ಪೆಟ್ರೋಲ್ ಗಾಡಿಯನ್ನು ರಾತ್ರಿಯಿಡೀ ನಾವು ಪಂಪಿಗೆ ಜೋಡಿಸಿ, ಪಕ್ಕದಲ್ಲೇ ಮಲಗುವುದಿಲ್ಲ.

ಈ ಅಪಾಯ ಮೊದಲಿನಿಂದಲೂ ಗೊತ್ತಿದ್ದದ್ದೇ. ಜಪಾನಿನ ಅಕಿರಾ ಯೊಶಿನೊ ಶುದ್ಧ ಲಿಥಿಯಂ ಲೋಹದ ಜಾಗದಲ್ಲಿ ಇಂಗಾಲದ ವಸ್ತು ಹಾಕಿ ಬ್ಯಾಟರಿ ಮಾಡಿದರು. 1986ರಲ್ಲಿ ಅದರ ಮೇಲೆ ಕಬ್ಬಿಣದ ದೊಡ್ಡ ತುಂಡು ಬೀಳಿಸಿ ಪರೀಕ್ಷೆ ಮಾಡಿದಾಗ ಏನೂ ಆಗಲಿಲ್ಲ. ಲಿಥಿಯಂ ಲೋಹದ ಬ್ಯಾಟರಿಯ ಮೇಲೆ ಬೀಳಿಸಿದಾಗ ಅದು ಸ್ಫೋಟಿಸಿತು. ಲಿಥಿಯಂ-ಅಯಾನ್ ಬ್ಯಾಟರಿ ಅಂಗಡಿಗೆ ಬಂದದ್ದು 1991ರಲ್ಲಿ. 2019ರಲ್ಲಿ ಯೊಶಿನೊ ಇನ್ನಿಬ್ಬರ ಜೊತೆ ನೊಬೆಲ್ ಪಡೆದರು.

ಕಬ್ಬಿಣದ ತುಂಡಿನ ಆ ಪರೀಕ್ಷೆಯನ್ನು ದಿನಾ ಎದುರಿಸುವ ಗಾಡಿಯೊಂದಿದೆ: ವಿದ್ಯುತ್ತಿನ ಒಂಟಿಚಕ್ರ. ಬೆಂಗಳೂರಿನಲ್ಲಿ ಅಪರೂಪಕ್ಕೆ ಕಾಣುತ್ತದೆ. ನಡುವೆ ಒಂದೇ ಗಾಲಿ, ಎರಡೂ ಕಡೆ ಪಾದ ಇಡಲು ಹಲಗೆ, ಹ್ಯಾಂಡಲ್ ಇಲ್ಲ. ಸವಾರ ಮುಂದೆ ಬಾಗಿದರೆ ಗೈರೋಸ್ಕೋಪ್ ಅದನ್ನು ಗುರುತಿಸುತ್ತದೆ, ಮೋಟಾರು ಗಾಲಿಯನ್ನು ಅವನ ಭಾರದ ಕೆಳಗೇ ತಂದು ನಿಲ್ಲಿಸುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸಿಕೊಂಡು ಓಡುವ ಹುಡುಗರ ಆಟವೇ ಇದು. 24 ಸಾಲು ಸೆಲ್ಲುಗಳ ಗಾಡಿ ಪೂರ್ತಿ ಚಾರ್ಜಿನಲ್ಲಿ 100.8 ವೋಲ್ಟ್ ತೋರಿಸುತ್ತದೆ. ಬ್ಯಾಟರಿ ಇರುವುದು ಗಾಲಿಯ ಎರಡೂ ಮಗ್ಗುಲಲ್ಲಿ, ಕಣಕಾಲಿನ ಎತ್ತರದಲ್ಲಿ. ಗಾಡಿ ಬಿದ್ದರೆ ಮೊದಲ ಪೆಟ್ಟು ಅದಕ್ಕೇ, ರಸ್ತೆಯ ನೀರು ಮೊದಲು ನುಗ್ಗುವುದೂ ಅಲ್ಲಿಗೇ.

ನನ್ನ ಮನಸ್ಸಿನಲ್ಲಿ ಉಳಿದ ಸಂಗತಿ ಇನ್ನೊಂದು. ಸ್ಕೂಟರಿನ ಬ್ಯಾಟರಿಗೆ ಬಿಎಂಎಸ್ ಎಂಬ ಕಾವಲುಗಾರ ಸರ್ಕ್ಯೂಟ್ ಇರುತ್ತದೆ. ಸೆಲ್ಲು ಅತಿಯಾಗಿ ಬಿಸಿಯಾದರೆ, ಬರಿದಾದರೆ ಅದು ಕರೆಂಟು ಕಡಿಯುತ್ತದೆ, ಗಾಡಿ ನಿಲ್ಲುತ್ತದೆ, ಸವಾರ ಕಾಲೂರುತ್ತಾನೆ. ಒಂಟಿಚಕ್ರದಲ್ಲಿ ಕರೆಂಟು ಕಡಿದ ಕ್ಷಣವೇ ಸವಾರ ಮುಖ ಅಡಿಯಾಗಿ ಬೀಳುತ್ತಾನೆ. ಹಾಗಾಗಿ ಸಾಮಾನ್ಯವಾಗಿ ಓಡುವಾಗ ಕರೆಂಟು ಕಡಿಯುವ ಅಧಿಕಾರವನ್ನೇ ಕಾವಲುಗಾರನಿಗೆ ಕೊಟ್ಟಿರುವುದಿಲ್ಲ. ಬೀಪ್ ಎಂದು ಕೂಗಬಹುದು, ಹಲಗೆ ಹಿಂದಕ್ಕೆ ವಾಲಿಸಿ ಎಚ್ಚರಿಸಬಹುದು, ಅಷ್ಟೇ. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ಚಾರ್ಜು ತುಂಬುತ್ತದೆ. ನಂದಿಬೆಟ್ಟದ ಮೇಲೆ ನೂರಕ್ಕೆ ನೂರು ತುಂಬಿಸಿಕೊಂಡು ಕೆಳಗಿಳಿದರೆ ತುಂಬಿದ ಕೊಡಕ್ಕೆ ಮತ್ತೆ ನೀರು ಹುಯ್ದಂತೆ. ಬಿದ್ದ ಪೆಟ್ಟು, ಸೇರಿದ ತೇವ ಒಳಗೇ ಉಳಿದು, ಎಷ್ಟೋ ದಿನಗಳ ಮೇಲೆ ಮೂಲೆಯಲ್ಲಿ ಸುಮ್ಮನೆ ನಿಂತ ಗಾಡಿಯೇ ಹೊತ್ತಿಕೊಳ್ಳಬಹುದು. ವಿಮಾನದಲ್ಲಿ ಪ್ರಯಾಣಿಕರು ಒಯ್ಯಬಹುದಾದ ಬ್ಯಾಟರಿಯ ಮಿತಿ, ಅದೂ ಅನುಮತಿ ಪಡೆದು, 160 ವಾಟ್-ಅವರ್. ದೊಡ್ಡ ಒಂಟಿಚಕ್ರದ್ದು ಅದರ ಹತ್ತು ಪಟ್ಟಿಗೂ ಹೆಚ್ಚಿರುತ್ತದೆ.

ಸ್ಕೂಟರುಗಳ ವಿಷಯದಲ್ಲಿ ನಾವು ಸಾವುಗಳನ್ನೇ ನೋಡಿಯಾಗಿದೆ. 2022ರ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಇಟ್ಟ ಸ್ಕೂಟರ್ ಹೊತ್ತಿಕೊಂಡು ತಂದೆ ಮತ್ತು 13 ವರ್ಷದ ಮಗಳು ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಹೋಟೆಲ್ ಕಟ್ಟಡದ ಕೆಳಗಿದ್ದ ಇ-ಸ್ಕೂಟರ್ ಷೋರೂಮಿಗೆ ಬೆಂಕಿ ಬಿದ್ದು, ಹೊಗೆ ಮೇಲಿನ ಮಹಡಿಗಳಿಗೆ ಏರಿ 8 ಜನ ಸತ್ತರು. 2024ರ ನವೆಂಬರ್ 19ರಂದು ಬೆಂಗಳೂರಿನ ರಾಜಾಜಿನಗರದ ಷೋರೂಮಿನಲ್ಲಿ 20 ವರ್ಷದ ಉದ್ಯೋಗಿ ಹೊರಬರಲಾಗದೆ ಪ್ರಾಣ ಬಿಟ್ಟಳು. 2024ರ ಸೆಪ್ಟೆಂಬರಿನಲ್ಲಿ ನಮ್ಮ ಕಲಬುರಗಿಯ ಷೋರೂಮು ಸುಟ್ಟದ್ದನ್ನು ಇವುಗಳ ಜೊತೆ ಸೇರಿಸಬಾರದು. ಅಲ್ಲಿ ಸಿಟ್ಟಿಗೆದ್ದ ಗಿರಾಕಿ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ್ದ, ಬ್ಯಾಟರಿಯ ತಪ್ಪಿರಲಿಲ್ಲ.

ಇಂಥ ಬೆಂಕಿಯಲ್ಲಿ ಜ್ವಾಲೆಗಿಂತ ಮೊದಲು ಹೊಗೆಯೇ ಜನರನ್ನು ಹಿಡಿಯುತ್ತದೆ. ಬ್ಯಾಟರಿಯ ಬಿಳಿ ಹೊಗೆಯಲ್ಲಿ ಹೊತ್ತಿಕೊಳ್ಳುವ ಅನಿಲಗಳಿರುತ್ತವೆ, ಶ್ವಾಸಕೋಶ ಸುಡುವ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ. ಹುಣಸಗಿಯ ಆ ಬಾಗಿಲು ನೋಡಿ ನನಗೆ ಎದೆ ಝಲ್ಲೆಂದದ್ದು ಇದಕ್ಕೇ.

2022ರ ಬೆಂಕಿಗಳ ನಂತರ ಕೇಂದ್ರ ಸರ್ಕಾರ ಎಐಎಸ್-156 ಎಂಬ ಮಾನದಂಡವನ್ನು ಬಿಗಿ ಮಾಡಿತು. ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೆಯದು 2023ರ ಮಾರ್ಚ್ 31ರಿಂದ ಜಾರಿಗೆ ಬಂತು. ಒಂದು ಸೆಲ್ಲು ಹೊತ್ತಿದರೆ ಉಳಿದವಕ್ಕೆ ಹೇಗೆ ಹರಡುತ್ತದೆ ಎಂಬ ಪರೀಕ್ಷೆಯೂ ಅದರಲ್ಲಿದೆ. ಒಳ್ಳೆಯ ಕೆಲಸ. ಆದರೆ ತಾಸಿಗೆ 25 ಕಿಲೋಮೀಟರಿಗಿಂತ ನಿಧಾನ ಓಡುವ, 250 ವಾಟಿಗಿಂತ ಸಣ್ಣ ಮೋಟಾರಿನ ಗಾಡಿಗಳಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ನಾನು ರಿಪೇರಿ ಅಂಗಡಿಯಲ್ಲಿ ಕಂಡದ್ದು ಅಂಥದೇ ಗಾಡಿಯ ಬ್ಯಾಟರಿ. ಅದರಲ್ಲಿ ಹಳೆಯ ಸೆಲ್ಲು, ಹೊಸ ಸೆಲ್ಲು ಬೆರೆಸಿ ಬೆಸೆದಿದ್ದರು. ದುರ್ಬಲ ಸೆಲ್ಲು ಉಳಿದವಕ್ಕಿಂತ ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಒಂದೇ ನೊಗಕ್ಕೆ ಮುದಿ ಎತ್ತು, ಹೋರಿ ಕಟ್ಟಿದರೆ ಏನಾಗುತ್ತದೋ ಅದೇ ಇಲ್ಲಿಯೂ.

ನಮ್ಮ ಬಿಸಿಲಿನ ಮಾತು ಬೇರೆ ಇದೆ. ಬಹುತೇಕ ಇಂಥ ಸೆಲ್ಲುಗಳನ್ನು 45 ಡಿಗ್ರಿಗಿಂತ ಮೇಲೆ ಚಾರ್ಜು ಮಾಡಬಾರದು. ಮೇ ತಿಂಗಳಲ್ಲಿ ಯಾದಗಿರಿಯ ಗಾಳಿಯೇ ಆ ಅಂಕಿಯ ಹತ್ತಿರಕ್ಕೆ ಹೋಗುತ್ತದೆ. ಸೀಟಿನ ಕೆಳಗಿನ ಪೆಟ್ಟಿಗೆ ಬಿಸಿಲಲ್ಲಿ ಇನ್ನೂ ಕಾಯುತ್ತದೆ. ಹೊಲದಿಂದ ಬಂದ ಕೂಡಲೇ ಪ್ಲಗ್ಗಿಗೆ ಹಾಕದೆ, ಒಂದು ತಾಸು ನೆರಳಲ್ಲಿ ಆರಲು ಬಿಡಬೇಕು. ಹೊಸದು ಕೊಳ್ಳುವವರು ಎಲ್‌ಎಫ್‌ಪಿ ಬ್ಯಾಟರಿ ಇದೆಯೇ ಎಂದು ಕೇಳಲಿ. ಅದರಲ್ಲಿ ಕಬ್ಬಿಣ ಮತ್ತು ಫಾಸ್ಫೇಟ್ ಇರುತ್ತದೆ, ಆಮ್ಲಜನಕವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ತೂಕ ತುಸು ಹೆಚ್ಚು, ಆದರೂ ನಮ್ಮ ಸೀಮೆಗೆ ಅದೇ ಸರಿ ಎಂದು ನನ್ನ ಅಭಿಪ್ರಾಯ.

ಇದನ್ನೆಲ್ಲ ಅಂದು ಹುಡುಗನಿಗೂ ಅವನ ತಾಯಿಗೂ ಹೇಳಿದೆ. ಪೆಟ್ಟಿಗೆ ಉಬ್ಬಿದರೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ, ಬುಸ್ ಎಂದರೆ ಹತ್ತಿರ ಹೋಗಬೇಡಿ, ಮೊದಲು ಮಂದಿ ಹೊರಗೆ ಬರಲಿ, 112ಕ್ಕೆ ಫೋನ್ ಮಾಡಿ ಎಂದೆ. ಕರೆಂಟು ತೆಗೆದ ಮೇಲೆ ದೂರದಿಂದ ಬಹಳಷ್ಟು ನೀರು ಹಾಕಿದರೆ ಮಾತ್ರ ಸೆಲ್ಲು ತಣ್ಣಗಾಗುತ್ತದೆ. ಆರಿತು ಎಂದುಕೊಂಡದ್ದು ಮಾರನೆಯ ದಿನ ಮತ್ತೆ ಹೊತ್ತಬಹುದು, ಅದನ್ನು ಮನೆಯೊಳಗೆ ತರಬಾರದು ಎಂದೂ ಹೇಳಿದೆ.

"ಹೊರಗ ಇಟ್ರ ಕಳ್ಳರ ಕಾಟ ಅದ ಅಣ್ಣಾರ," ಎಂದರು ತಾಯಿ. ಆಮೇಲೆ ಹತ್ತಿಯ ಕಡೆ ನೋಡಿ, ಒಳಗೆ ಮಲಗಿದ್ದ ಮೊಮ್ಮಗನ ಕಡೆ ನೋಡಿ, ಮಗನಿಗೆ ಅಂದರು: "ಸರಪಳಿ ತಗೊಂಡ್ ಬಾ."

ಇಬ್ಬರೂ ಸೇರಿ ಗಾಡಿಯನ್ನು ಅಂಗಳದ ತಗಡಿನ ಚಪ್ಪರದ ಕೆಳಗೆ, ಬಂಡಿಯ ಆಚೆ ನಿಲ್ಲಿಸಿ ಬೇವಿನ ಗಿಡಕ್ಕೆ ಸರಪಳಿ ಬಿಗಿದೆವು. ಚಾರ್ಜರಿನ ವೈರು ಎರಡು ಮೊಳ ಕಡಿಮೆ ಬಿತ್ತು. ಹುಡುಗ ಒಳಗಿನಿಂದ ಹಳೆಯ ಎಕ್ಸ್‌ಟೆನ್ಶನ್ ಬಾಕ್ಸ್ ತಂದ. ಅದರ ಮೂರು ಪಿನ್ನಿನಲ್ಲಿ ಅರ್ಥಿಂಗಿನ ಪಿನ್ನು ಮುರಿದಿತ್ತು. ಅದನ್ನು ಅವನ ಕೈಯಿಂದ ತೆಗೆದುಕೊಂಡೆ. ಅಂದು ರಾತ್ರಿ ಗಾಡಿ ಚಾರ್ಜಾಗಲಿಲ್ಲ. ಮುಂಜಾನೆ ನಾನು ಬಸ್ಸಿಗೆ ಹೊರಟಾಗ ಅವನು ವೈರ್‌ಮನ್‌ಗೆ ಫೋನ್ ಹಚ್ಚಿ, ಹೊರಗಿನ ಗೋಡೆಗೆ ಅರ್ಥಿಂಗ್ ಇರುವ ಪ್ಲಗ್ಗಿಗೆ ಎಷ್ಟಾಗುತ್ತದೆ ಎಂದು ಕೇಳುತ್ತಿದ್ದ.