ಚರ್ಮದ ಕೆಳಗಿನ ಗಂಟಿಗೆ ಸ್ಕ್ಯಾನಿಂಗ್: ಯಾವಾಗ ಬೇಕು, ಏನು ತಿಳಿಯುತ್ತದೆ?

ಸ್ಕ್ಯಾನಿಂಗ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಬಸುರಿಯ ಹೊಟ್ಟೆ, ಇಲ್ಲವೇ ಕಿಡ್ನಿಯ ಕಲ್ಲು. ಹಾಗಾಗಿ ಮೊಣಕೈ ಬಳಿ ಎದ್ದ ಗಂಟನ್ನು ತೋರಿಸಲು ಹೋದಾಗ ವೈದ್ಯರು ಅಲ್ಟ್ರಾಸೌಂಡ್ ಬರೆದುಕೊಟ್ಟರೆ ಅನುಮಾನ ಶುರುವಾಗುತ್ತದೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಗಂಟಿಗೆ ಇದೆಲ್ಲ ಯಾಕೆ?

ಗಂಟು ಕೈಗೆ ಸಿಗುತ್ತದೆ ನಿಜ. ಆದರೆ ಅದು ಎಷ್ಟು ಆಳಕ್ಕೆ ಇಳಿದಿದೆ, ಒಳಗಿರುವುದು ದ್ರವವೋ ಗಟ್ಟಿ ಪದಾರ್ಥವೋ, ಅದಕ್ಕೆ ರಕ್ತ ಹರಿಯುತ್ತಿದೆಯೋ ಎಂಬುದು ಬೆರಳಿಗೆ ತಿಳಿಯುವುದಿಲ್ಲ. ಅಲ್ಟ್ರಾಸೌಂಡ್ ಚೆನ್ನಾಗಿ ಉತ್ತರಿಸುವುದು ಈ ಮೂರು ಪ್ರಶ್ನೆಗಳಿಗೆ. ಹಲವು ಮೆಡಿಕಲ್ ಕಾಲೇಜುಗಳಿರುವ ಮಂಗಳೂರಿನಲ್ಲಿ ಸ್ಕ್ಯಾನಿಂಗ್ ಯಂತ್ರಗಳಿಗೆ ಕೊರತೆಯಿಲ್ಲ. ಅದರಿಂದ ಏನು ಪಡೆಯಬಹುದು, ಏನನ್ನು ನಿರೀಕ್ಷಿಸಬಾರದು ಎಂದು ರೋಗಿಯೂ ತಿಳಿದಿರುವುದು ಒಳ್ಳೆಯದು.

ಶಬ್ದದಿಂದ ಚಿತ್ರ ಮೂಡುವುದು ಹೇಗೆ?

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ. ಸ್ಕ್ಯಾನಿಂಗ್ ಯಂತ್ರದ ಪ್ರೋಬ್, ಅಂದರೆ ಚರ್ಮದ ಮೇಲೆ ಆಡಿಸುವ ಸಾಧನ, ಹೊರಡಿಸುವ ಶಬ್ದದ ಕಂಪನಗಳು ಸೆಕೆಂಡಿಗೆ ಹತ್ತಾರು ಲಕ್ಷ, ಕೆಲವೊಮ್ಮೆ ಕೋಟಿಗೂ ಮೇಲೆ. ದೇಹದ ಮೃದು ಭಾಗಗಳಲ್ಲಿ ಈ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಸಾಗುತ್ತದೆ. ಚರ್ಮ ಮುಗಿದು ಕೊಬ್ಬು ಶುರುವಾಗುವಲ್ಲಿ, ಕೊಬ್ಬು ಮುಗಿದು ಸ್ನಾಯು ಶುರುವಾಗುವಲ್ಲಿ ಅದರ ಒಂದು ಪಾಲು ಹಿಂದಿರುಗುತ್ತದೆ. ಹೋಗಿಬರಲು ಹಿಡಿದ ಸಮಯದಿಂದ ಆಳವನ್ನೂ, ಮರಳಿದ ಶಬ್ದದ ಬಲದಿಂದ ಚುಕ್ಕಿಯ ಬೆಳಕನ್ನೂ ಯಂತ್ರ ಲೆಕ್ಕ ಹಾಕುತ್ತದೆ. ಪರದೆಯ ಕಪ್ಪು-ಬಿಳುಪು ಚಿತ್ರ ಮೂಡುವುದು ಹೀಗೆ. ಇದರಲ್ಲಿ ಎಕ್ಸ್‌ರೇ ಕಿರಣದ ಬಳಕೆಯಿಲ್ಲ. ಮಕ್ಕಳಿಗೂ ಗರ್ಭಿಣಿಯರಿಗೂ ಧೈರ್ಯವಾಗಿ ಮಾಡಬಹುದು.

ಪ್ರೋಬ್ ಮತ್ತು ಚರ್ಮದ ನಡುವೆ ಗಾಳಿ ಉಳಿದರೆ ಶಬ್ದ ಒಳಗೆ ಇಳಿಯುವುದೇ ಇಲ್ಲ. ತಣ್ಣಗಿನ ಜೆಲ್ ಹಚ್ಚುವುದು ಆ ಗಾಳಿಯನ್ನು ತೆಗೆಯಲಿಕ್ಕೆ. ಚರ್ಮದ ಸ್ಕ್ಯಾನಿಂಗ್‌ನಲ್ಲಿ ಜೆಲ್ಲನ್ನು ದಪ್ಪವಾಗಿ ಹಾಕಿ, ಪ್ರೋಬನ್ನು ಒತ್ತದೆ ಹಗುರವಾಗಿ ಹಿಡಿಯಬೇಕು. ಒತ್ತಿದರೆ ಸಣ್ಣ ರಕ್ತನಾಳಗಳು ಚಪ್ಪಟೆಯಾಗಿ ರಕ್ತದ ಹರಿವೇ ಕಾಣದೆ ಹೋಗಬಹುದು.

ಹೊಟ್ಟೆಯ ಪ್ರೋಬ್ ಇಲ್ಲಿಗೆ ಸಾಲದು

ಕಂಪನ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮ, ಆದರೆ ಶಬ್ದ ಇಳಿಯುವ ಆಳ ಕಡಿಮೆ. ಇಡೀ ತಂತ್ರ ನಿಂತಿರುವುದು ಈ ಕೊಡುಕೊಳ್ಳುವಿಕೆಯ ಮೇಲೆ. ಹೊಟ್ಟೆಯೊಳಗಿನ ಅಂಗಗಳನ್ನು ನೋಡಲು 3ರಿಂದ 5 ಮೆಗಾಹರ್ಟ್ಸ್ (ಒಂದು ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಕಂಪನ) ಸಾಕು. ಆ ಶಬ್ದದ ಒಂದು ಅಲೆಯ ಉದ್ದ ಸುಮಾರು 0.3ರಿಂದ 0.5 ಮಿಲಿಮೀಟರ್. ಚರ್ಮದ ಹೊರಪದರದ ದಪ್ಪವಾದರೋ ದೇಹದ ಹೆಚ್ಚಿನ ಕಡೆ ಸುಮಾರು 0.1 ಮಿಲಿಮೀಟರ್, ಅದರ ಕೆಳಗಿನ ಒಳಚರ್ಮ ಒಂದರಿಂದ ನಾಲ್ಕು ಮಿಲಿಮೀಟರ್. ಇಷ್ಟು ತೆಳುವಾದ ಪದರಗಳನ್ನು ಬಿಡಿಸಿ ನೋಡಲು 15 ಮೆಗಾಹರ್ಟ್ಸ್ ಅಥವಾ ಅದಕ್ಕೂ ಮೇಲಿನ ಪ್ರೋಬ್ ಬೇಕು. ಅಷ್ಟು ಆಳಕ್ಕಿರದ ಗಂಟು, ನರ, ಸ್ನಾಯುರಜ್ಜುಗಳಿಗೆ 7ರಿಂದ 15 ಮೆಗಾಹರ್ಟ್ಸ್‌ನ ಚಪ್ಪಟೆ ತಲೆಯ ‘ಲೀನಿಯರ್ ಪ್ರೋಬ್’ ಹೊಂದುತ್ತದೆ. ಚರ್ಮದ ದಪ್ಪವನ್ನು ಶಬ್ದದಿಂದ ಅಳೆಯಬಹುದೆಂದು ಅಲೆಕ್ಸಾಂಡರ್ ಮತ್ತು ಮಿಲ್ಲರ್ ತೋರಿಸಿದ್ದು 1979ರಲ್ಲಿ. ಅಲ್ಲಿಂದ ಈ ವಿದ್ಯೆ ಬಹಳ ಮುಂದೆ ಬಂದಿದೆ.

ಕುರುವೋ, ಬರೀ ಊತವೋ?

ನಿತ್ಯದ ಚಿಕಿತ್ಸೆಯಲ್ಲಿ ಅಲ್ಟ್ರಾಸೌಂಡ್‌ನ ಒಂದು ದೊಡ್ಡ ಉಪಯೋಗ ಇಲ್ಲಿದೆ. ಕಾಲು ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತಿದೆ ಎನ್ನಿ. ಒಳಗೆ ಕೀವು ಒಂದು ಕಡೆ ಕೂತಿದ್ದರೆ ಅದನ್ನು ಕೊಯ್ದು ಹೊರತೆಗೆಯಬೇಕು, ಬರೀ ಮಾತ್ರೆಗೆ ಸಾಮಾನ್ಯವಾಗಿ ಬಗ್ಗುವುದಿಲ್ಲ. ಸೋಂಕು ಚರ್ಮದಡಿ ಹರಡಿದ್ದು ಕೀವು ಕಟ್ಟಿಲ್ಲದಿದ್ದರೆ ಅದು ಸೆಲ್ಯುಲೈಟಿಸ್. ಆಗ ಆಂಟಿಬಯೋಟಿಕ್ ಸಾಕು, ಕೊಯ್ದರೆ ಸುಮ್ಮನೆ ಗಾಯ. ಹೊರಗಿನಿಂದ ಎರಡೂ ಒಂದೇ ಥರ ಕಾಣಬಹುದು.

ಪರದೆಯ ಮೇಲೆ ವ್ಯತ್ಯಾಸ ತಿಳಿಯುತ್ತದೆ. ಸೆಲ್ಯುಲೈಟಿಸ್‌ನಲ್ಲಿ ಕೊಬ್ಬಿನ ಉಂಡೆಗಳ ಸುತ್ತ ನೀರು ಸೇರಿ, ಚಿತ್ರ ಕಲ್ಲು ಹಾಸಿದ ಅಂಗಳದಂತೆ ಕಾಣುತ್ತದೆ. ಕೀವು ಕಟ್ಟಿದ್ದರೆ ಕಪ್ಪು ಅಥವಾ ಬೂದು ಬಣ್ಣದ ಗೂಡು ಕಾಣುತ್ತದೆ, ಪ್ರೋಬಿನಿಂದ ಮೆಲ್ಲಗೆ ಒತ್ತಿದಾಗ ಒಳಗಿನ ಕೀವು ಅಲುಗಾಡುವುದೂ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ತೀರ್ಮಾನ ಬೇಗ ಆಗುವುದು ಮುಖ್ಯ. ಕಾಲಿನ ಊತಕ್ಕೆ ರಕ್ತನಾಳದೊಳಗಿನ ಹೆಪ್ಪು ಕಾರಣವೇ ಎಂಬುದನ್ನೂ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಪರೀಕ್ಷೆಯಿಂದ ನೋಡಬಹುದು. ಆರೋಗ್ಯವಂತ ಅಭಿಧಮನಿ ಒತ್ತಿದರೆ ಮುಚ್ಚಿಕೊಳ್ಳುತ್ತದೆ, ಹೆಪ್ಪಿದ್ದರೆ ಮುಚ್ಚುವುದಿಲ್ಲ.

ಒಂದು ಎಚ್ಚರ. ಕಣ್ಣಿಗೆ ಕಾಣುವುದಕ್ಕಿಂತ ನೋವು ವಿಪರೀತವಾಗಿದ್ದು, ಚರ್ಮ ಕಪ್ಪಾಗುತ್ತಾ, ಜ್ವರ, ಸುಸ್ತು ಏರುತ್ತಿದ್ದರೆ ಸ್ಕ್ಯಾನಿಂಗ್ ಸರದಿಗಾಗಿ ಕಾಯಬಾರದು. ಅದು ಮಾಂಸವನ್ನು ಕೊಳೆಸುತ್ತಾ ಹೋಗುವ ಸೋಂಕಾಗಿರಬಹುದು. ನೇರ ತುರ್ತು ವಿಭಾಗಕ್ಕೆ ಹೋಗಬೇಕು.

ಒಳಗೆ ಮುರಿದ ಮುಳ್ಳು, ಸಿಬಿರು

ತೋಟದಲ್ಲಿ ಅಂಗಾಲಿಗೆ ಅಡಿಕೆ ಮರದ ಸಿಬಿರು ಹೊಕ್ಕವರು, ದಕ್ಕೆಯಲ್ಲಿ ಮೀನು ಆರಿಸುವಾಗ ಕೈಗೆ ಮುಳ್ಳು ಚುಚ್ಚಿಸಿಕೊಂಡವರು ಕರಾವಳಿಯಲ್ಲಿ ಅಪರೂಪವಲ್ಲ. ಗಾಯ ಮಾಯ್ದ ಮೇಲೂ ಅದೇ ಜಾಗ ಮತ್ತೆ ಮತ್ತೆ ಊದಿ ಕೀವು ಬರುತ್ತಿದ್ದರೆ ತುಂಡು ಒಳಗೇ ಉಳಿದಿರುವ ಶಂಕೆ ಇರುತ್ತದೆ. ಗಾಜು, ಲೋಹ ಎಕ್ಸ್‌ರೇಯಲ್ಲಿ ಕಾಣುತ್ತವೆ, ಮರದ ಚೂರು ಸಾಮಾನ್ಯವಾಗಿ ಕಾಣುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಅದು ಬಿಳಿ ಗೆರೆಯಾಗಿ, ಕೆಳಗೊಂದು ಕಪ್ಪು ನೆರಳಿನೊಂದಿಗೆ ಸಿಗುತ್ತದೆ. ಎಷ್ಟು ಆಳ, ಯಾವ ದಿಕ್ಕು ಎಂದು ಚರ್ಮದ ಮೇಲೆ ಗುರುತು ಹಾಕಿಕೊಟ್ಟರೆ ಸರ್ಜನ್ ಹುಡುಕಾಡದೆ ತೆಗೆಯಬಹುದು.

ಕರಾವಳಿಯ ಎರಡು ಹಳೆಯ ರೋಗಗಳು

ದಕ್ಷಿಣ ಕನ್ನಡ ಆನೆಕಾಲು ರೋಗ ನೆಲೆಸಿದ್ದ ಜಿಲ್ಲೆಗಳಲ್ಲೊಂದು. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಹರಡುವ ಈ ರೋಗದ ಹುಳ ದುಗ್ಧನಾಳಗಳೊಳಗೆ (ಲಿಂಫ್ ನಾಳಗಳೊಳಗೆ) ವಾಸಿಸುತ್ತದೆ. ಗಂಡಸರ ವೃಷಣಚೀಲದ ಹಿಗ್ಗಿದ ದುಗ್ಧನಾಳಗಳಲ್ಲಿ ಜೀವಂತ ಹುಳ ಎಡೆಬಿಡದೆ ಹೊರಳಾಡುವುದು ಅಲ್ಟ್ರಾಸೌಂಡ್‌ನಲ್ಲೇ ಕಾಣುತ್ತದೆಂದು ಬ್ರೆಜಿಲಿನ ರೆಸಿಫೆ ನಗರದ ಸಂಶೋಧಕರು 1994ರಲ್ಲಿ ವರದಿ ಮಾಡಿದರು. ವೈದ್ಯರು ಅದನ್ನು ‘ಫೈಲೇರಿಯಾ ಡ್ಯಾನ್ಸ್’ ಎನ್ನುತ್ತಾರೆ. ಕಾಲು ಊದಿ ಗಟ್ಟಿಯಾದ ಹಂತದಲ್ಲಿ ಚರ್ಮ ಮತ್ತು ಅದರಡಿಯ ಕೊಬ್ಬು ಎಷ್ಟು ದಪ್ಪವಾಗಿದೆ, ಚಿಕಿತ್ಸೆಯಿಂದ ಎಷ್ಟು ಇಳಿದಿದೆ ಎಂದು ಅಳೆಯಲು ಅಲ್ಟ್ರಾಸೌಂಡ್ ನೆರವಾಗುತ್ತದೆ. ಇಂಥ ಊತಕ್ಕೆ ಆಯುರ್ವೇದ, ಯೋಗ, ಬ್ಯಾಂಡೇಜು ಕೂಡಿಸಿದ ಚಿಕಿತ್ಸೆಗೆ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಹೆಸರಾಗಿದೆ.

ಇನ್ನೊಂದು ಕುಷ್ಠ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಔಷಧಾಲಯ ತೆರೆದ ಫಾದರ್ ಆಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿದರು. ಈ ರೋಗದಲ್ಲಿ ನರಗಳು ದಪ್ಪವಾಗುತ್ತವೆ. ವೈದ್ಯರು ಮೊಣಕೈ ಹಿಂದಿನ ಅಲ್ನಾರ್ ನರವನ್ನು ಬೆರಳಿನಿಂದ ಮುಟ್ಟಿ ನೋಡುವುದು ಅದಕ್ಕೇ. ಸೂಕ್ಷ್ಮ ಅಲ್ಟ್ರಾಸೌಂಡ್ ಆ ದಪ್ಪವನ್ನು ಅಳತೆಯಲ್ಲಿ ಹೇಳುತ್ತದೆ. ನರದೊಳಗೆ ರಕ್ತದ ಹರಿವು ಹೆಚ್ಚಿದ್ದರೆ ಉರಿಯೂತ ನಡೆಯುತ್ತಿದೆಯೆಂದು ಡಾಪ್ಲರ್ ಸೂಚಿಸುತ್ತದೆ. ಆ ಹಂತದಲ್ಲೇ ಚಿಕಿತ್ಸೆ ಕೊಟ್ಟರೆ ಕೈಬೆರಳು ಮಡಚಿಹೋಗುವುದನ್ನು ತಪ್ಪಿಸುವ ಅವಕಾಶವಿದೆ.

ರಿಪೋರ್ಟಿನ ಭಾಷೆ

‘ಅನೆಕೋಯಿಕ್’ ಎಂದರೆ ಪೂರ್ತಿ ಕಪ್ಪು, ಸಾಮಾನ್ಯವಾಗಿ ತಿಳಿ ದ್ರವ. ‘ಹೈಪೋಎಕೋಯಿಕ್’ ಎಂದರೆ ಸುತ್ತಲಿಗಿಂತ ಕಪ್ಪಗೆ, ‘ಹೈಪರ್‌ಎಕೋಯಿಕ್’ ಎಂದರೆ ಸುತ್ತಲಿಗಿಂತ ಬೆಳ್ಳಗೆ. ‘ವ್ಯಾಸ್ಕುಲಾರಿಟಿ’ ಎಂದರೆ ರಕ್ತದ ಹರಿವು. ಈ ಪದಗಳು ಚಿತ್ರದಲ್ಲಿ ಕಂಡದ್ದನ್ನು ಹೇಳುತ್ತವೆ, ರೋಗವನ್ನಲ್ಲ. ಹೈಪೋಎಕೋಯಿಕ್ ಎಂದು ಓದಿದ ಕೂಡಲೇ ಕ್ಯಾನ್ಸರ್ ಎಂದು ಹೆದರುವ ಕಾರಣವಿಲ್ಲ. ಚರ್ಮದ ಕೆಳಗೆ ಮೆತ್ತಗೆ ಜಾರುವ ಕೊಬ್ಬಿನ ಗಡ್ಡೆ, ಅಂದರೆ ಲಿಪೋಮಾ, ಮತ್ತು ಮಣಿಕಟ್ಟಿನ ದ್ರವದ ಗಂಟು ಗ್ಯಾಂಗ್ಲಿಯಾನ್ ಹಲವು ಸಲ ಸ್ಕ್ಯಾನಿಂಗ್‌ನಲ್ಲೇ ಸ್ಪಷ್ಟವಾಗುತ್ತವೆ. ಕ್ಯಾನ್ಸರ್ ಶಂಕೆ ಇದ್ದಾಗ ಮಾತ್ರ ಕೊನೆಯ ಮಾತು ಬಯಾಪ್ಸಿಯದು. ಗಂಟು ಎಷ್ಟು ಆಳಕ್ಕಿದೆ, ಸೂಜಿ ಎಲ್ಲಿ ಹಾಕಬೇಕು ಎಂದು ತೋರಿಸುವುದು ಸ್ಕ್ಯಾನಿಂಗ್‌ನ ಪಾಲು.

ಹುಳಕಡ್ಡಿ, ತುರಿಕೆ, ಬಣ್ಣ ಬದಲಾದ ಮಚ್ಚೆಗಳಂಥ ಮೇಲ್ಪದರದ ತೊಂದರೆಗೆ ಚರ್ಮವೈದ್ಯರ ಕಣ್ಣು, ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮಟೋಸ್ಕೋಪ್ ಮತ್ತು ಪ್ರಯೋಗಾಲಯ ಪರೀಕ್ಷೆಯೇ ದಾರಿ. ಅಲ್ಲಿ ಅಲ್ಟ್ರಾಸೌಂಡ್ ಮಾಡಿಸಿದರೆ ಹೆಚ್ಚಿನಂಶ ದುಡ್ಡು ದಂಡ. ಎಲುಬು ಮತ್ತು ಗಾಳಿಯ ಆಚೆಗೂ ಅದು ನೋಡಲಾರದು. ನೋಡುವವರ ಅನುಭವದ ಮೇಲೂ ಫಲಿತಾಂಶ ನಿಂತಿರುತ್ತದೆ.

ಚರ್ಮವೈದ್ಯರ ಕ್ಲಿನಿಕ್‌ನಲ್ಲೇ ಯಾಕಿಲ್ಲ?

ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಅಲ್ಟ್ರಾಸೌಂಡ್ ಕೇಂದ್ರಗಳೂ ಯಂತ್ರಗಳೂ ನೋಂದಣಿಯಾಗಿರಬೇಕು. ಹೆಣ್ಣುಮಕ್ಕಳ ಜೀವ ಉಳಿಸಲು ಈ ಬಿಗಿ ಬೇಕೇ ಬೇಕು. ಕ್ಲಿನಿಕ್‌ಗಳಲ್ಲಿ ಈ ಯಂತ್ರ ಸುಲಭಕ್ಕೆ ಕಾಣದಿರಲು ಇದೂ ಒಂದು ಕಾರಣ. ಹಾಗಾಗಿ ನಮ್ಮಲ್ಲಿ ಚರ್ಮದ ಸ್ಕ್ಯಾನಿಂಗ್ ಹೆಚ್ಚಾಗಿ ನಡೆಯುವುದು ರೇಡಿಯಾಲಜಿ ವಿಭಾಗದಲ್ಲಿ. ಅಲ್ಲಿನ ವೈದ್ಯರು ನಿಮ್ಮನ್ನು ಮೊದಲ ಸಲ ನೋಡುತ್ತಿರುತ್ತಾರೆ.

ಹೋಗುವ ಮುನ್ನ

ಇದಕ್ಕೆ ಖಾಲಿ ಹೊಟ್ಟೆ ಬೇಡ, ನೀರು ಕುಡಿದು ಮೂತ್ರ ಕಟ್ಟಿಕೊಳ್ಳುವುದೂ ಬೇಡ. ಆ ಜಾಗಕ್ಕೆ ಎಣ್ಣೆ, ಲೇಪ, ಮುಲಾಮು ಹಚ್ಚದೆ ಹೋಗಿ. ಗಂಟನ್ನು ಹಿಚುಕಬೇಡಿ. ಗಂಟು ಎಂದಿನಿಂದ ಇದೆ, ಬೆಳೆದಿದೆಯೇ, ಮುಳ್ಳು ಚುಚ್ಚಿತ್ತೇ, ಮೊದಲು ಕೊಯ್ಸಿದ್ದಿದೆಯೇ ಎಂಬುದನ್ನು ಸ್ಕ್ಯಾನಿಂಗ್ ಮಾಡುವವರಿಗೂ ಹೇಳಿ. ಹಳೆಯ ರಿಪೋರ್ಟುಗಳನ್ನು ಜೊತೆಗೆ ಒಯ್ಯಿರಿ.

ಗಂಟು 5 ಸೆಂಟಿಮೀಟರ್ ದಾಟಿದ್ದರೆ, ಬೇಗ ಬೆಳೆಯುತ್ತಿದ್ದರೆ, ಆಳದಲ್ಲಿ ಅಂಟಿಕೊಂಡಂತೆ ಗಟ್ಟಿಯಾಗಿದ್ದರೆ, ಒಮ್ಮೆ ತೆಗೆಸಿದ ಮೇಲೂ ಮತ್ತೆ ಬಂದಿದ್ದರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಸ್ಕ್ಯಾನಿಂಗ್ ಚೀಟಿ ಕೈಗೆ ಬಂದಾಗ ವೈದ್ಯರಲ್ಲಿ ಒಂದು ಮಾತು ಕೇಳಿ: ‘ಡಾಕ್ಟ್ರೇ, ಇದರಿಂದ ಏನು ತಿಳಿಯಬೇಕಾಗಿದೆ?’ ಆ ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಏನನ್ನು ಹುಡುಕಬೇಕೆಂದು ಗೊತ್ತಿದ್ದರೆ ಸ್ಕ್ಯಾನಿಂಗ್ ಮಾಡುವವರಿಗೆ ಸರಿಯಾದ ಪ್ರೋಬ್ ಆರಿಸಿ, ಸರಿಯಾದ ಜಾಗ ನೋಡಲು ಸಾಧ್ಯ.